ಎರಡು ಬಿಲ್‌ಗೆ ಒಂದೇ ನಂಬರ್ ಬೀಳುತ್ತಿರುವುದಕ್ಕೆ

ನೀವು ಹೇಳಿದಂತೆ ದಾವಣಗೆರೆ ಅಂಗಡಿ, ಚಿತ್ರದುರ್ಗ ಬ್ರಾಂಚ್ ಎರಡರಲ್ಲೂ ಒಂದೇ ಹೊತ್ತಿಗೆ ಬಿಲ್ ಹಾಕಿದಾಗ ನಂಬರ್ ಮರುಕಳಿಸುತ್ತಿದೆ ಅಂದರೆ, ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಕೋಡ್ ಡೇಟಾಬೇಸ್‌ನಿಂದ ಕೊನೆಯ ನಂಬರ್ ಓದಿ ಒಂದು ಕೂಡಿಸುತ್ತಿರಬೇಕು. ಇಬ್ಬರೂ 1041 ಓದುತ್ತಾರೆ, ಇಬ್ಬರಿಗೂ 1042 ಬೀಳುತ್ತದೆ. ಜೋಡಿ ಬಿಲ್‌ಗಳಲ್ಲಿ ಗಿರಾಕಿ, ಮೊತ್ತವೂ ಒಂದೇ ಆಗಿದ್ದರೆ ಮಾತ್ರ ಕಾರಣ ಬೇರೆ: ಸೇವ್ ಬಟನ್ ಎರಡು ಸಲ ಒತ್ತಿದ್ದಾರೆ. ಒಮ್ಮೆ ಒತ್ತಿದ ಕೂಡಲೇ ಬಟನ್ ನಿಷ್ಕ್ರಿಯ ಮಾಡಿ.

ಮೊದಲು ಡೇಟಾಬೇಸ್‌ನ ಬ್ಯಾಕಪ್ ತೆಗೆಯಿರಿ. ಗಿರಾಕಿ ಕೈಗೆ ಹೋದ ಬಿಲ್‌ಗಳ ನಂಬರನ್ನು ದಯವಿಟ್ಟು ನೀವೇ ತಿದ್ದಬೇಡಿ, ಪಟ್ಟಿ ತೆಗೆದು ಆಡಿಟರ್‌ಗೆ ತೋರಿಸಿ.

ಆಮೇಲೆ ಬ್ರಾಂಚಿಗೊಂದು ಸರಣಿ ಮಾಡಿ: ಊರಿನ ಎರಡಕ್ಷರ, ವರ್ಷ, ನಂಬರ್. ಜಿಎಸ್‌ಟಿ ನಿಯಮದಂತೆ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ ಒಟ್ಟು 16 ಮೀರಬಾರದು, ಅದೇ ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ಕೊನೆಯ ನಂಬರಿಗೆ ಪ್ರತ್ಯೇಕ ಟೇಬಲ್ ಇರಲಿ, ಸರಣಿಗೊಂದು ಸಾಲು. ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಕೆಲಸಗಳ ಗುಂಪು) ಆ ಸಾಲನ್ನು 'ಸೆಲೆಕ್ಟ್ ಫಾರ್ ಅಪ್‌ಡೇಟ್' ಎಂಬ ಆದೇಶದಿಂದ ಲಾಕ್ ಮಾಡಿ, ಅಂದರೆ ಇನ್ನೊಬ್ಬರು ಕಾಯುವಂತೆ ಮಾಡಿ, ನಂಬರ್ ಒಂದು ಏರಿಸಿ, ಬಿಲ್ ಬರೆದು, ಕಮಿಟ್ (ಖಾಯಂ) ಮಾಡಿ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಟೇಬಲ್‌ನ ಶೇಖರಣಾ ಬಗೆ (ಎಂಜಿನ್) ಇನ್ನೋಡಿಬಿ ಆಗಿರಲೇಬೇಕು. ಮೈಐಸ್ಯಾಮ್ ಎಂಬ ಇನ್ನೊಂದು ಬಗೆಯಲ್ಲಿ ಈ ಲಾಕ್ ಕೆಲಸ ಮಾಡದು.

ಹೊಸ ನಂಬರಿಗೆ ಬಿಲ್ ಟೇಬಲ್‌ನಲ್ಲಿ ಹೊಸ ಕಾಲಂ ಕೊಟ್ಟು, ಒಂದೇ ನಂಬರ್ ಎರಡು ಸಲ ಬರದಂತೆ ತಡೆಯುವ ಯುನೀಕ್ ಇಂಡೆಕ್ಸ್ ಹಾಕಿ. ಹಳೆಯ ಕಾಲಂ ಮೇಲೆ ಹಾಕಹೋದರೆ ಈಗಿರುವ ಜೋಡಿ ನಂಬರುಗಳಿಂದ ಎರರ್ ಬರುತ್ತದೆ. ಹೊಸದರಲ್ಲಿ ಹಳೆಯ ಬಿಲ್‌ಗಳು ನಲ್ (ಖಾಲಿ) ಆಗಿ ಉಳಿದರೆ ತೊಂದರೆಯಿಲ್ಲ. ಕೊನೆಗೆ ಟೆಸ್ಟ್ ಡೇಟಾಬೇಸ್‌ನಲ್ಲಿ ಎರಡು ಲ್ಯಾಪ್‌ಟಾಪ್‌ನಿಂದ ಒಟ್ಟಿಗೆ ಸೇವ್ ಒತ್ತಿ ನೋಡಿ.