ಹ್ಯಾಮ್ (ಹವ್ಯಾಸಿ ರೇಡಿಯೊ) ಪ್ರಶ್ನೋತ್ತರ: ಡಿಜಿಟಲ್ ರಿಪೀಟರ್ ಕಟ್ಟುವವರಿಗೆ

ಪ್ರಶ್ನೆ: ನನ್ನಲ್ಲಿ ಡ್ಯುಪ್ಲೆಕ್ಸ್ ಹಾಟ್‌ಸ್ಪಾಟ್ ಬೋರ್ಡ್ (ರೇಡಿಯೊವನ್ನು ಇಂಟರ್ನೆಟ್‌ಗೆ ಜೋಡಿಸುವ, ಏಕಕಾಲಕ್ಕೆ ಕಳುಹಿಸಿ ಕೇಳುವ ಪುಟ್ಟ ಬೋರ್ಡ್) ಇದೆ. ಅದಕ್ಕೆ 20 ವ್ಯಾಟ್ ಆಂಪ್ಲಿಫೈಯರ್ ಜೋಡಿಸಿ ಎತ್ತರದಲ್ಲಿ ಆಂಟೆನಾ ಕಟ್ಟಿದರೆ ಡಿಎಂಆರ್ (ಡಿಜಿಟಲ್ ಮೊಬೈಲ್ ರೇಡಿಯೊ) ರಿಪೀಟರ್, ಅಂದರೆ ದುರ್ಬಲ ಸಂಕೇತ ಕೇಳಿ ಬಲವಾಗಿ ಮರುಪ್ರಸಾರ ಮಾಡುವ ಕೇಂದ್ರ, ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಆ ಬೋರ್ಡಿನಲ್ಲಿರುವ ಎಡಿಎಫ್7021 ಚಿಪ್‌ಗಳ ಶಕ್ತಿ ಸುಮಾರು 10 ಮಿಲಿವ್ಯಾಟ್; ಮನೆಯೊಳಗಿನ ಬಳಕೆಗೆಂದೇ ಮಾಡಿದ್ದು. ಎತ್ತರಕ್ಕೆ ಒಯ್ದರೆ ಸುತ್ತಲಿನ ಮೊಬೈಲ್, ಎಫ್‌ಎಂ ಪ್ರಸಾರಗಳೆಲ್ಲ ಒಟ್ಟಿಗೆ ನುಗ್ಗಿ ಅದರ ರಿಸೀವರ್ ಕಿವುಡಾಗುತ್ತದೆ. ದೂರದವರಿಗೆ ನಿಮ್ಮ ರಿಪೀಟರ್ ಚೆನ್ನಾಗಿ ಕೇಳಿಸುತ್ತದೆ, ರಿಪೀಟರ್‌ಗೆ ಅವರು ಕೇಳಿಸುವುದಿಲ್ಲ.

ಬೇಕಾದ ಸಾಮಾನು ಇಷ್ಟು: ವಾಣಿಜ್ಯ ಬಳಕೆಯ ಎರಡು ಮೊಬೈಲ್ ರೇಡಿಯೊ (ಒಂದು ರಿಸೀವರ್, ಇನ್ನೊಂದು ಟ್ರಾನ್ಸ್‌ಮಿಟರ್), ಎಸ್‌ಟಿಎಂ32 ಚಿಪ್‌ನ ಎಂಎಂಡಿವಿಎಂ (ಹಲವು ಡಿಜಿಟಲ್ ಧ್ವನಿ ವಿಧಾನಗಳನ್ನು ನಡೆಸುವ) ಮೋಡೆಮ್ ಬೋರ್ಡ್, ರಾಸ್ಪ್‌ಬೆರಿ ಪೈ, ಡ್ಯುಪ್ಲೆಕ್ಸರ್ (ಒಂದೇ ಆಂಟೆನಾದಲ್ಲಿ ಕಳುಹಿಸುತ್ತಾ ಕೇಳಲು ಬಿಡುವ ಫಿಲ್ಟರ್), 13.8 ವೋಲ್ಟ್ ವಿದ್ಯುತ್ ಮೂಲ, ಫ್ಯಾನ್. ರೇಡಿಯೊ ಕೊಳ್ಳುವ ಮೊದಲು ಹಿಂಬದಿಯ ಕನೆಕ್ಟರ್‌ನಲ್ಲಿ ಡಿಸ್ಕ್ರಿಮಿನೇಟರ್ ಔಟ್‌ಪುಟ್ (ಫಿಲ್ಟರ್ ಆಗದ ಕಚ್ಚಾ ಸಂಕೇತ) ಮತ್ತು 9600 ಬಾಡ್ ಡೇಟಾ ಇನ್‌ಪುಟ್ ಎರಡೂ ಇವೆಯೇ ನೋಡಿಕೊಳ್ಳಿ. ಮೈಕ್ ಮತ್ತು ಸ್ಪೀಕರ್ ದಾರಿ ಉಪಯೋಗಕ್ಕೆ ಬಾರದು: ಅಲ್ಲಿ ಸುಮಾರು 300ರಿಂದ 3000 ಹರ್ಟ್ಸ್ ಮಾತ್ರ ದಾಟುತ್ತದೆ, ಜೊತೆಗೆ ಎತ್ತರದ ಸ್ವರಗಳನ್ನು ಹಿಗ್ಗಿಸುವ ಪ್ರಿ-ಎಂಫಸಿಸ್ ಬೇರೆ. ಡಿಎಂಆರ್‌ನ ನಾಲ್ಕು ಹಂತದ ಎಫ್‌ಎಸ್‌ಕೆ (ಫ್ರೀಕ್ವೆನ್ಸಿ ಬದಲಿಸಿ ಬಿಟ್ ಕಳುಹಿಸುವ) ಸಂಕೇತಕ್ಕೆ ಬಹುತೇಕ ಸೊನ್ನೆ ಹರ್ಟ್ಸ್‌ನಿಂದಲೇ ಸಮತಟ್ಟಾದ ದಾರಿ ಬೇಕು.

45 ವ್ಯಾಟ್ ಎಂದು ಬರೆದಿರುವ ಮೊಬೈಲ್ ರೇಡಿಯೊವನ್ನು 20 ವ್ಯಾಟ್‌ಗೆ ಇಳಿಸಿ. ಆ 45ರ ಅಂಕಿ ಆಗೀಗ ಒಂದು ನಿಮಿಷ ಮಾತಾಡುವವರಿಗೆ ಹೇಳಿದ್ದು, ಗಂಟೆಗಟ್ಟಲೆ ಉರಿಯುವ ರಿಪೀಟರ್‌ಗಲ್ಲ.

ಪ್ರಶ್ನೆ: ಯುಎಚ್‌ಎಫ್‌ನಲ್ಲಿ ಕೇಳುವ ಮತ್ತು ಕಳುಹಿಸುವ ಫ್ರೀಕ್ವೆನ್ಸಿಗಳ ನಡುವೆ 5 ಮೆಗಾಹರ್ಟ್ಸ್ ಅಂತರವಿಟ್ಟು ರಿಪೀಟರ್ ಕಟ್ಟಿದ್ದೇವೆ. ದುರ್ಬಲ ಸ್ಟೇಷನ್ ಬಂದಾಗ ಮೊದಲ ಕ್ಷಣ ಕೇಳಿಸಿ, ಟ್ರಾನ್ಸ್‌ಮಿಟರ್ ಏಳುತ್ತಲೇ ತುಂಡುತುಂಡಾಗುತ್ತದೆ. ಮೋಡೆಮ್ ಬದಲಿಸಬೇಕೇ?

ಉತ್ತರ: ಮೋಡೆಮ್ ಮುಟ್ಟಬೇಡಿ. ಇದು ಡಿಸೆನ್ಸ್: ನಿಮ್ಮದೇ ಟ್ರಾನ್ಸ್‌ಮಿಟರ್ ನಿಮ್ಮದೇ ರಿಸೀವರನ್ನು ಮುಳುಗಿಸುತ್ತಿದೆ. 25 ವ್ಯಾಟ್ ಎಂದರೆ 44 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್ ಅಳತೆ). ಡ್ಯುಪ್ಲೆಕ್ಸರ್ 75 ಡಿಬಿ ತಡೆದರೂ ರಿಸೀವರ್ ಬಾಗಿಲಲ್ಲಿ ಮೈನಸ್ 31 ಡಿಬಿಎಂ ಉಳಿಯುತ್ತದೆ. ಹುಡುಕುತ್ತಿರುವ ಸಂಕೇತವೋ ಮೈನಸ್ 118ರ ಆಸುಪಾಸಿನದು. ಆ ಮೈನಸ್ 31 ಡಿಬಿಎಂ ಅನ್ನು ಒಳ್ಳೆಯ ರಿಸೀವರ್ ತಾಳಿಕೊಂಡೀತು. ತಡೆ 60 ಡಿಬಿಗೆ ಕುಸಿದರೆ ತಾಳಲಾರದು. ಇನ್ನೊಂದು ತೊಂದರೆ ಟ್ರಾನ್ಸ್‌ಮಿಟರ್‌ನ ಗದ್ದಲ. ಅದು ರಿಸೀವರ್ ಫ್ರೀಕ್ವೆನ್ಸಿಯ ಮೇಲೆಯೇ ಬೀಳುವುದರಿಂದ ರಿಸೀವರ್ ಕಡೆ ಎಷ್ಟು ಫಿಲ್ಟರ್ ಹಾಕಿದರೂ ಹೋಗದು, ಟ್ರಾನ್ಸ್‌ಮಿಟರ್ ಕಡೆಯ ನಾಚ್‌ನಲ್ಲೇ (ಒಂದು ಫ್ರೀಕ್ವೆನ್ಸಿಯನ್ನು ತಡೆಯುವ ಫಿಲ್ಟರ್‌ನಲ್ಲೇ) ಸಾಯಬೇಕು. ಹಾಗಾಗಿ ಡ್ಯುಪ್ಲೆಕ್ಸರ್‌ನ ಎರಡು ಬದಿಯನ್ನೂ ನೆಟ್‌ವರ್ಕ್ ಅನಲೈಸರ್ (ಫಿಲ್ಟರ್ ಅಳೆಯುವ ಉಪಕರಣ) ಇಟ್ಟು ನಿಮ್ಮ ಜೋಡಿ ಫ್ರೀಕ್ವೆನ್ಸಿಗೆ ಶ್ರುತಿ ಮಾಡಲೇಬೇಕು. ಅಗ್ಗದ ಅನಲೈಸರ್‌ಗಳಿಗೆ 75 ಡಿಬಿ ಆಳದ ನಾಚ್ ಕಾಣಿಸುವುದಿಲ್ಲ, ತಮ್ಮದೇ ಗದ್ದಲದ ತಳವನ್ನು ತೋರಿಸಿ ಸುಮ್ಮನಾಗುತ್ತವೆ.

ದೋಷ ಎಲ್ಲಿದೆ ಎಂದು ಹಿಡಿಯಲು ಆಂಟೆನಾ ಬಿಚ್ಚಿ ಡಮ್ಮಿ ಲೋಡ್ (ಶಕ್ತಿಯನ್ನು ಗಾಳಿಗೆ ಬಿಡದೆ ಶಾಖವಾಗಿಸುವ ರೆಸಿಸ್ಟರ್) ಹಾಕಿ. ರಿಸೀವರನ್ನು ತಾತ್ಕಾಲಿಕವಾಗಿ ಅನಲಾಗ್ ಎಫ್‌ಎಂಗೆ ತನ್ನಿ. ಡಿಜಿಟಲ್‌ನಲ್ಲಿ ಮಾತು ಇದೆ ಅಥವಾ ಇಲ್ಲ, ನಡುವಿನದು ಕಿವಿಗೆ ಸಿಗದು. ಸಿಗ್ನಲ್ ಜನರೇಟರ್‌ನಿಂದ ಐಸೊ-ಟಿ (ಸಂಕೇತವನ್ನು ಅತಿ ಸ್ವಲ್ಪವೇ ಒಳಬಿಡುವ ಜೋಡಣೆ) ಮೂಲಕ ಕೇಳಿಸೀತೋ ಇಲ್ಲವೋ ಎನ್ನುವಷ್ಟು ದುರ್ಬಲ ಸಂಕೇತ ಕೊಟ್ಟು ಟ್ರಾನ್ಸ್‌ಮಿಟರ್ ಏಳಿಸಿ. ಗದ್ದಲ ಹೆಚ್ಚಿದರೆ ದೋಷ ಡ್ಯುಪ್ಲೆಕ್ಸರ್‌ನಲ್ಲೋ ಒಳಗಿನ ಕೇಬಲ್‌ಗಳಲ್ಲೋ ಇದೆ. ಡಮ್ಮಿ ಲೋಡ್‌ನಲ್ಲಿ ಸರಿಯಿದ್ದು ಆಂಟೆನಾ ಹಾಕಿದೊಡನೆ ಕೆಟ್ಟರೆ ಫೀಡರ್ (ಆಂಟೆನಾಕ್ಕೆ ಹೋಗುವ ಕೇಬಲ್), ಕನೆಕ್ಟರ್, ಗೋಪುರದ ತುಕ್ಕು ಹಿಡಿದ ಕ್ಲಾಂಪ್‌ಗಳನ್ನು ನೋಡಿ.

ಪೆಟ್ಟಿಗೆಯೊಳಗೆ ಒಂಟಿ ಜಾಲರಿಯ ಆರ್‌ಜಿ-58 ಕೇಬಲ್ ಇದ್ದರೆ ಇವತ್ತೇ ಕಿತ್ತುಹಾಕಿ. ಎರಡು ಪದರ ಬೆಳ್ಳಿ ಲೇಪಿತ ಜಾಲರಿಯ ಆರ್‌ಜಿ-400 ಅಥವಾ ಆರ್‌ಜಿ-142 ಹಾಕಿ.

ಪ್ರಶ್ನೆ: ಗೋಪುರಕ್ಕೆ 30 ಮೀಟರ್ ಕೇಬಲ್ ಬೇಕು. ಎಲ್‌ಎಂಆರ್-400 ಸಾಕೇ?

ಉತ್ತರ: 450 ಮೆಗಾಹರ್ಟ್ಸ್‌ನಲ್ಲಿ ಅದು 30 ಮೀಟರಿಗೆ ಸುಮಾರು 2.7 ಡಿಬಿ ತಿನ್ನುತ್ತದೆ. ಅರ್ಧ ಇಂಚಿನ ಹೀಲಿಯಾಕ್ಸ್ (ತಾಮ್ರದ ಗಟ್ಟಿ ಕೊಳವೆಯ ಹೊರಕವಚವಿರುವ ಕೇಬಲ್) ಸುಮಾರು 1.4 ಡಿಬಿ. ನಷ್ಟಕ್ಕಿಂತ ದೊಡ್ಡ ಕಾರಣ ಬೇರೆ: ಎಲ್‌ಎಂಆರ್-400ರಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲೆ ತವರ ಲೇಪಿತ ತಾಮ್ರದ ಜಾಲರಿ ಇದೆ. ಗಾಳಿಗೆ ಅಲುಗಾಡಿ, ತೇವ ಹೊಕ್ಕು, ಕೆಲವು ತಿಂಗಳಲ್ಲಿ ಅದು ಚಿಟಪಟ ಗದ್ದಲ ಶುರುಮಾಡಬಹುದು. ಒಂದೇ ಕೇಬಲ್‌ನಲ್ಲಿ ಕಳುಹಿಸುತ್ತಾ ಕೇಳುವವರಿಗೆ ಹೀಲಿಯಾಕ್ಸ್ ಸರಿ.

ಪ್ರಶ್ನೆ: ಎಂಎಂಡಿವಿಎಂನಲ್ಲಿ ಟಿಎಕ್ಸ್ ಲೆವೆಲ್ (ಟ್ರಾನ್ಸ್‌ಮಿಟರ್‌ಗೆ ಕೊಡುವ ಸಂಕೇತದ ಮಟ್ಟ) ಎಷ್ಟಿಡಬೇಕು? ಎಲ್ಲರೂ 50 ಎನ್ನುತ್ತಾರೆ.

ಉತ್ತರ: 50 ಬರೀ ಆರಂಭದ ಅಂಕಿ. ಅಳೆಯಿರಿ. ರಿಪೀಟರ್ ನಡೆಸುವ ತಂತ್ರಾಂಶ ಎಂಎಂಡಿವಿಎಂ ಹೋಸ್ಟ್ ನಿಲ್ಲಿಸಿ, ಹೊಂದಿಸುವ ತಂತ್ರಾಂಶ ಎಂಎಂಡಿವಿಎಂ ಕ್ಯಾಲ್ ತೆರೆದು, ಡಿಎಂಆರ್ ಡೀವಿಯೇಶನ್ (ಫ್ರೀಕ್ವೆನ್ಸಿ ಆಚೀಚೆ ಸರಿಯುವ ಪ್ರಮಾಣ) ಮೋಡ್ ಆರಿಸಿ ಡಮ್ಮಿ ಲೋಡ್‌ಗೆ ಪ್ರಸಾರ ಮಾಡಿ. ಹೊರಬರುವುದು 1200 ಹರ್ಟ್ಸ್ ಟೋನ್, ಗುರಿ 2.75 ಕಿಲೋಹರ್ಟ್ಸ್ ಡೀವಿಯೇಶನ್. ಎಸ್‌ಡಿಆರ್ (ತಂತ್ರಾಂಶ ಆಧಾರಿತ) ರಿಸೀವರ್‌ನ ಪರದೆಯಲ್ಲಿ ನಡುವಿನ ಕ್ಯಾರಿಯರ್ ಗೆರೆಯನ್ನು ನೋಡುತ್ತಾ ಲೆವೆಲ್ಲನ್ನು ತೀರಾ ಕೆಳಗಿನಿಂದ ಏರಿಸುತ್ತಾ ಬನ್ನಿ. ಕ್ಯಾರಿಯರ್ ಮೊದಲ ಸಲ ಮಾಯವಾಗುವುದು 1200ರ 2.405 ಪಟ್ಟು, ಅಂದರೆ 2.886 ಕಿಲೋಹರ್ಟ್ಸ್‌ನಲ್ಲಿ. ಅಲ್ಲಿಂದ ಶೇ. 5ರಷ್ಟು ಇಳಿಸಿದರೆ ಗುರಿ ಮುಟ್ಟಿದಂತೆ. ಮೇಲಿನಿಂದ ಇಳಿಸುತ್ತಾ ಬಂದರೆ ಕ್ಯಾರಿಯರ್ ಮಾಯವಾಗುವ ಎರಡನೇ ಜಾಗಕ್ಕೆ ಮೋಸಹೋಗುತ್ತೀರಿ.

ಬರುವ ಕಡೆ, ಲಾಗ್‌ನಲ್ಲಿ ಎಡಿಸಿ ಓವರ್‌ಫ್ಲೋ (ಒಳಬರುವ ಸಂಕೇತ ಮಿತಿಮೀರಿದೆ) ಎಂದು ಬಂದರೆ ಬೋರ್ಡಿನ ಮಟ್ಟ ಹೊಂದಿಸುವ ಟ್ರಿಮ್‌ಪಾಟ್ ಇಳಿಸಿ. ಹತ್ತಿರದ ಹ್ಯಾಂಡಿಯಿಂದ (ಕೈಯಲ್ಲಿ ಹಿಡಿಯುವ ರೇಡಿಯೊದಿಂದ) ಬಿಟ್ ಎರರ್ ಶೇ. 1ರ ಕೆಳಗಿರಬೇಕು, ಶೇ. 5 ದಾಟಿದರೆ ಮಾತು ಒಡೆಯುತ್ತದೆ. ಸಂಕೇತ ಬಲವಾಗಿದ್ದೂ ಎರರ್ ಇಳಿಯದಿದ್ದರೆ ಮೊದಲು ಫ್ರೀಕ್ವೆನ್ಸಿ ನೋಡಿ. ಕೆಲವು ನೂರು ಹರ್ಟ್ಸ್ ಆಚೀಚೆಯಾದರೂ ಸಾಕು ಕೆಡಲು. ಒಂದಕ್ಷರವೂ ಡಿಕೋಡ್ ಆಗದಿದ್ದರೆ ಸಂಕೇತವನ್ನು ತಲೆಕೆಳಗಾಗಿಸುವ ಇನ್ವರ್ಟ್ ಆಯ್ಕೆ ತಿರುವುಮುರುವಾಗಿರಬಹುದು, ಕಲರ್ ಕೋಡ್ (ರಿಪೀಟರ್ ಗುರುತಿನ ಸಂಖ್ಯೆ) ಹೊಂದದೆಯೂ ಇರಬಹುದು. ಅರ್ಧಂಬರ್ಧ ಕೇಳಿಸುವುದಕ್ಕೆ ಇವೆರಡೂ ಕಾರಣವಲ್ಲ.

ಪ್ರಶ್ನೆ: ಡಿಎಂಆರ್, ಡಿ-ಸ್ಟಾರ್, ಫ್ಯೂಶನ್ ಎಂಬ ಮೂರೂ ಡಿಜಿಟಲ್ ಧ್ವನಿ ವಿಧಾನಗಳನ್ನು ಒಂದೇ ರಿಪೀಟರ್‌ನಲ್ಲಿ ಕೊಡಬಹುದೇ?

ಉತ್ತರ: ತಂತ್ರಾಂಶ ಅನುಮತಿಸುತ್ತದೆ, ಆದರೆ ಒಂದು ಕ್ಷಣಕ್ಕೆ ಒಂದೇ ಮೋಡ್. ಗದ್ದಲದ ಟಾಕ್‌ಗ್ರೂಪ್ (ಇಂಟರ್ನೆಟ್ ಮೂಲಕ ಸೇರುವ ಮಾತಿನ ಗುಂಪು) ಒಂದನ್ನು ಶಾಶ್ವತವಾಗಿ ಜೋಡಿಸಿದರೆ ಡಿ-ಸ್ಟಾರ್‌ನವರಿಗೆ ಸರದಿಯೇ ಸಿಗದು. ನೆಟ್ ಮೋಡ್ ಹ್ಯಾಂಗನ್ನು (ಇಂಟರ್ನೆಟ್ ಮಾತು ನಿಂತ ಮೇಲೂ ಅದೇ ಮೋಡ್‌ನಲ್ಲಿ ಕಾಯುವ ಹೊತ್ತನ್ನು) ಮೂರ್ನಾಲ್ಕು ಸೆಕೆಂಡಿಗೆ ಇಳಿಸಿ. ನಮ್ಮನ್ನು ಕೇಳಿದರೆ, ಡಿಎಂಆರ್ ಒಂದನ್ನೇ ನೆಟ್ಟಗೆ ನಡೆಸಿ: ಸ್ಲಾಟ್ (ಕಾಲದ ಸರದಿ) 1 ಹೊರಜಗತ್ತಿಗೆ, ಸ್ಲಾಟ್ 2 ಸ್ಥಳೀಯರಿಗೆ. 30 ಮಿಲಿಸೆಕೆಂಡಿನ ಎರಡು ಸ್ಲಾಟ್‌ಗಳಿರುವುದರಿಂದ ಇಬ್ಬರೂ ಏಕಕಾಲಕ್ಕೆ ಮಾತಾಡಬಹುದು.

ಪ್ರಶ್ನೆ: ಸ್ಥಳೀಯ ಮಾತು ಸ್ಪಷ್ಟ, ಇಂಟರ್ನೆಟ್‌ನಿಂದ ಬರುವ ಮಾತು ಮಾತ್ರ ತೊದಲುತ್ತದೆ.

ಉತ್ತರ: ಹಾಗಾದರೆ ರೇಡಿಯೊ ಭಾಗ ನಿರಪರಾಧಿ. ಡಿಎಂಆರ್‌ಗೆ ವೇಗದ ಇಂಟರ್ನೆಟ್ ಬೇಡ, ಪ್ಯಾಕೆಟ್‌ಗಳು ಹೊತ್ತಿಗೆ ಸರಿಯಾಗಿ ಬಂದರೆ ಸಾಕು. ಮೊಬೈಲ್ ಡೇಟಾದಲ್ಲಿ ತಪ್ಪುವುದು ಅದೇ. ಸರ್ವರ್‌ಗೆ ಹತ್ತು ನಿಮಿಷ ಪಿಂಗ್ ಮಾಡಿ ಏರಿಳಿತ ನೋಡಿ, ಆಮೇಲೆ ಜಿಟ್ಟರ್ ಅಂಕಿ (ತಡವಾದ ಪ್ಯಾಕೆಟ್‌ಗೆ ಕಾಯುವ ಹೊತ್ತು) ಹೆಚ್ಚಿಸಿ. ಹೆಚ್ಚಿಸಿದಷ್ಟೂ ಮಾತು ತಡವಾಗಿ ಬರುತ್ತದೆ. ಕರೆಂಟ್ ಹೋಗಿಬಂದ ಮೇಲೆ ಪೈ ಏಳದಿದ್ದರೆ ಮೆಮೊರಿ ಕಾರ್ಡ್ ಕೆಟ್ಟಿರಬಹುದು. ಸಿದ್ಧ ಮಾಡಿದ ಇನ್ನೊಂದು ಕಾರ್ಡನ್ನು ಪೆಟ್ಟಿಗೆಯೊಳಗೇ ಟೇಪ್ ಹಾಕಿ ಅಂಟಿಸಿಡಿ.