ಪಾಚಿ ಬಂಡೆಗೆ ಎಂಥ ಸೋಲ್?

ಪ್ರಶ್ನೆ: ನಾನು ಪ್ರಾಡಕ್ಟ್ ಡಿಸೈನ್ ಓದುತ್ತಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಲೆನಾಡಿನ ಚಾರಣಕ್ಕೆ ಹೊಂದುವ ಶೂ ಮಾಡಬೇಕೆಂದಿದ್ದೇನೆ. ಪೂರ್ತಿ ವಾಟರ್‌ಪ್ರೂಫ್ ಮಾಡಿ, ಅಡಿಯಲ್ಲಿ ಎತ್ತರದ ಬಟನ್ (ನೆಲ ಹಿಡಿಯುವ ರಬ್ಬರ್ ಉಬ್ಬುಗಳು) ಇರುವ ಗಟ್ಟಿ ಸೋಲ್ ಕೊಟ್ಟರೆ ಸಾಕಲ್ವಾ ಸರ್?
– ಓದುಗರು, ಶಿರಸಿ

ಉತ್ತರ: ಸಾಕಾಗಲ್ಲಮ್ಮ. ಅಂಥದ್ದೇ ಶೂ ಹಾಕಿಕೊಂಡು ನಾನು ಬಿದ್ದಿದ್ದೇನೆ. ಅದರ ಸೋಲಿನ ಅಚ್ಚು ಮಾಡಿದವನೂ ನಾನೇ!

ಪೀಣ್ಯದ ಒಂದು ರಬ್ಬರ್ ಕಾರ್ಖಾನೆಯಲ್ಲಿದ್ದಾಗಿನ ಮಾತು. 'ಎರಡು ವರ್ಷ ಸವೆಯಬಾರದು' ಅಂತ ಗಿರಾಕಿ ಹಟ ಹಿಡಿದಿದ್ದರು. ಗಟ್ಟಿ ರಬ್ಬರ್ ಹಾಕಿದೆವು. ಅಕ್ಟೋಬರಿನಲ್ಲಿ ಅದೇ ಶೂ ಹಾಕಿಕೊಂಡು ಕುಮಾರ ಪರ್ವತಕ್ಕೆ ಹೋದೆ. ಶೇಷ ಪರ್ವತ ದಾಟಿದ ಮೇಲೆ ಒಂದು ಇಳಿಜಾರು ಬಂಡೆ ಬರುತ್ತದೆ, ಮೇಲಿಂದ ನೀರು ಜಿನುಗುತ್ತಿರುತ್ತದೆ. ಮೂರನೇ ಹೆಜ್ಜೆಗೆ ಅಂಗಾತ ಬಿದ್ದೆ. ಸೋಲ್ ನೋಡಿದರೆ ಹೊಸದರ ಹಾಗೇ ಇತ್ತು. ಬಂಡೆಯನ್ನು ಹಿಡಿದಿದ್ದರೆ ತಾನೇ ಸವೆಯೋದು!

ಕೆಸರು ಕೇಳುವುದೇ ಬೇರೆ, ಒದ್ದೆ ಬಂಡೆ ಕೇಳುವುದೇ ಬೇರೆ. ಕೆಸರಿಗೆ ಎತ್ತರದ, ದೂರದೂರ ಇರುವ ಬಟನ್ ಬೇಕು. ಇಲ್ಲದಿದ್ದರೆ ಮಣ್ಣು ಮೆತ್ತಿಕೊಂಡು ಕಾಲಿಗೆ ಇಟ್ಟಿಗೆ ಕಟ್ಟಿದ ಹಾಗಾಗುತ್ತದೆ. ಬಂಡೆಗೆ ಮೆತ್ತಗಿನ ರಬ್ಬರ್ ಜಾಸ್ತಿ ತಾಗಬೇಕು. ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗಿಗೆ ಅದು ಬಗ್ಗಿ ಕೂರುತ್ತದೆ. ನಮ್ಮಲ್ಲಿ ಎರಡೂ ಇವೆಯಲ್ಲ, ಅದಕ್ಕೇ ನಾನಾದರೆ ಬಟನ್ ಎತ್ತರ 4 ಮಿ.ಮೀ. ಇಟ್ಟು ತಲೆ ಅಗಲ ಮಾಡುತ್ತೇನೆ. ಬೆರಳಿನ ಕೆಳಗಿನ ತುದಿಯನ್ನು ಬಹುತೇಕ ಚಪ್ಪಟೆ ಬಿಡುತ್ತೇನೆ. ಬಂಡೆ ಹತ್ತುವಾಗ ಭಾರ ಬೀಳುವುದು ಅಲ್ಲೇ. ಬಟನ್ ತಲೆಯ ಮೇಲೆ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳು ಹಾಕಿ. ಅಮೆರಿಕದ ಪಾಲ್ ಸ್ಪೆರ‍್ರಿ ತನ್ನ ನಾಯಿ ಮಂಜುಗಡ್ಡೆ ಮೇಲೆ ಜಾರದೆ ಓಡುವುದನ್ನು ನೋಡಿ, 1935ರಲ್ಲಿ ಇಂಥದೇ ಸೀಳಿನ ದೋಣಿ ಶೂ ತಂದ. ತುಳಿದಾಗ ಸೀಳು ಬಾಯಿ ಬಿಡುತ್ತದೆ, ಅದರ ಅಂಚು ನೀರನ್ನು ಒರೆಸಿ ನೆಲ ಹಿಡಿಯುತ್ತದೆ.

ಆದರೆ ದಪ್ಪ ಪಾಚಿ ಕಟ್ಟಿದ ಕಲ್ಲಿದೆಯಲ್ಲ, ಅಲ್ಲಿ ಯಾವ ರಬ್ಬರಿನ ಆಟವೂ ನಡೆಯಲ್ಲ. ಜಪಾನಿನಲ್ಲಿ ಹಳ್ಳದೊಳಗೇ ಬೆಟ್ಟ ಹತ್ತುವವರು ಫೆಲ್ಟ್, ಅಂದರೆ ಒತ್ತಿ ಮಾಡಿದ ಕಂಬಳಿಯಂಥ ಬಟ್ಟೆಯ ಸೋಲ್ ಹಾಕುತ್ತಾರೆ, ಚೆನ್ನಾಗಿ ಹಿಡಿಯುತ್ತದೆ. ಒಂದೇ ತಾಪತ್ರಯ, ಅದು ಬೇಗ ಒಣಗುವುದಿಲ್ಲ. ಒಂದು ನದಿಯ ಪಾಚಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ ಅಂತ ನ್ಯೂಜಿಲೆಂಡಿನಲ್ಲಿ 2008ರಲ್ಲಿ ಮೀನು ಹಿಡಿಯುವವರಿಗೆ ಫೆಲ್ಟ್ ನಿಷೇಧಿಸಿದರು.

ಇನ್ನು ವಾಟರ್‌ಪ್ರೂಫ್. ಮಲೆನಾಡಿನ ಮಳೆಯಲ್ಲಿ ನೀರು ಬರುವುದು ಮೇಲಿನಿಂದ, ಪ್ಯಾಂಟಿನಗುಂಟ ಇಳಿದು. ಮೊಣಕಾಲುದ್ದದ ಹಳ್ಳ ದಾಟಿದರಂತೂ ಕೇಳಲೇಬೇಡಿ. ಒಳಗೆ ಬಂದ ನೀರಿಗೆ ಆಚೆ ಹೋಗಲು ದಾರಿ ಇಲ್ಲ. ವಿಯೆಟ್ನಾಂ ಯುದ್ಧಕಾಲದ ಅಮೆರಿಕದ ಸೈನಿಕರ ಜಂಗಲ್ ಬೂಟಿನಲ್ಲಿ ಪಾದದ ಒಳಬದಿ, ಸೋಲಿನಿಂದ ಸ್ವಲ್ಪ ಮೇಲೆ, ಜಾಲರಿ ಹಾಕಿದ ಎರಡು ತೂತು ಇರುತ್ತಿದ್ದವು. ನೀವೂ ತೂತು ಬಿಡಿ, ಜಾಲರಿ ಮಾತ್ರ ಸಣ್ಣದಿರಲಿ. ಇಲ್ಲದಿದ್ದರೆ ಮರಳೂ ಇಂಬಳವೂ ಮನೆ ಮಾಡುತ್ತವೆ. ಮಾದರಿ ಸಿದ್ಧವಾದ ಮೇಲೆ ತಕ್ಕಡಿಯಲ್ಲಿ ತೂಗಿ. ಒಂದು ಚೊಂಬು ನೀರು ಸುರಿದು, ಕಾಲಿಗೆ ಹಾಕಿ ಇಪ್ಪತ್ತು ಹೆಜ್ಜೆ ನಡೆದು ಮತ್ತೆ ತೂಗಿ. ಎಷ್ಟು ಹೆಚ್ಚಾಯಿತೋ ಅಷ್ಟನ್ನು ದಿನವಿಡೀ ಹೊತ್ತು ನಡೆಯಬೇಕು.

ಹೊಲಿಗೆಗೆ ಹತ್ತಿ ದಾರ ಬೇಡ, ಕೊಳೆಯುತ್ತದೆ. ನೈಲಾನ್ ಹಾಕಿ. ಸೋಲಿನ ಮೇಲಿನ ಮೆತ್ತೆಗೆ ಪಾಲಿಯುರೆಥೇನ್ (ಸ್ಪಂಜಿನಂಥ ಪ್ಲಾಸ್ಟಿಕ್) ಹಾಕುವಾಗ ಎರಡು ಸಲ ಯೋಚಿಸಿ. ತೇವದಲ್ಲಿ ಸುಮ್ನೆ ಇಟ್ಟರೂ ವರ್ಷಗಳ ಮೇಲೆ ಅದು ಹಿಟ್ಟಿನಂತೆ ಉದುರುತ್ತದೆ. ನಿಮ್ಮ ಊರಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದಲ್ವಾ?

ಇನ್ನೊಂದು. ಮೊದಲ ಜೋಡಿಯಲ್ಲಿ ಎಡಗಾಲಿಗೆ ಮೆತ್ತಗಿನ ರಬ್ಬರ್, ಬಲಗಾಲಿಗೆ ಗಟ್ಟಿಯದು ಹಾಕಿಸಿ. ಮನೆ ಹತ್ತಿರದ ಹಳ್ಳಕ್ಕೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಒಂದೇ ಕಲ್ಲಿನ ಮೇಲೆ ಎರಡೂ ಕಾಲು ಊರಿ ನೋಡಿ. ಯಾವುದು ಮೊದಲು ಜಾರಿತು ಅಂತ ನನಗೂ ಬರೆಯಿರಿ.