ಸಾಕುಪ್ರಾಣಿ ಪ್ರಶ್ನೋತ್ತರ: ಬೀದಿಯಲ್ಲಿ ಪಾರ್ವೊ, ಮನೆಯಲ್ಲಿ ಮರಿ

ಪ್ರಶ್ನೆ: ನಮ್ಮ ಬೀದಿಯ ನಾಯಿಮರಿಗಳು ರಕ್ತಭೇದಿಯಾಗಿ ಸಾಯುತ್ತಿವೆ, ಪಾರ್ವೊ ಅಂತೆ. ನಮ್ಮ ಮರಿಗೆ 50 ದಿನ, ಒಂದು ಇಂಜೆಕ್ಷನ್ ಆಗಿದೆ. ಗೇಟಿನಾಚೆ ಬಿಡುವುದಿಲ್ಲ, ದಿನಾ ಫಿನಾಯಿಲ್ ಹಾಕಿ ಒರೆಸುತ್ತೇವೆ. ಇಷ್ಟು ಸಾಕೆ?
– ಓದುಗರು, ದಾವಣಗೆರೆ

ಉತ್ತರ: ಸಾಲದು. ಮರಿ ಗೇಟು ದಾಟದಿದ್ದರೂ ನಿಮ್ಮ ಚಪ್ಪಲಿ ದಾಟುತ್ತದಲ್ಲ! ಕಾಯಿಲೆ ಬಿದ್ದ ನಾಯಿಯ ಮಲದಲ್ಲಿ ವೈರಸ್ ವಿಪರೀತ ಇರುತ್ತದೆ. ಚಪ್ಪಲಿ, ಸ್ಕೂಟರಿನ ಚಕ್ರ, ಬೀದಿನಾಯಿ ಸವರಿದ ಕೈ, ಎಲ್ಲವೂ ಅದಕ್ಕೆ ದಾರಿಯೇ. ಚಪ್ಪಲಿ ಗೇಟಿನ ಬಳಿಯೇ ಬಿಡಿ. ಕೈಕಾಲು ಸೋಪು ಹಚ್ಚಿ ತೊಳೆದುಕೊಂಡೇ ಮರಿಯನ್ನು ಮುಟ್ಟಿ.

ಫಿನಾಯಿಲ್, ಸ್ಯಾನಿಟೈಸರ್‌ಗೆ ಪಾರ್ವೊ ಜಗ್ಗುವುದಿಲ್ಲ. ಬ್ಲೀಚ್ ಬೇಕು. ಶೇ 5ರ ಬ್ಲೀಚ್ ದ್ರಾವಣವಾದರೆ 1 ಲೀಟರ್ ನೀರಿಗೆ 35 ಮಿ.ಲೀ. ಮೊದಲು ಸೋಪುನೀರಿನಲ್ಲಿ ಕೊಳೆ ತೆಗೆಯಿರಿ, ಕೊಳೆ ಉಳಿದರೆ ಬ್ಲೀಚಿನ ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಆಮೇಲೆ ಬ್ಲೀಚ್ ನೀರು ಹಾಕಿ, ನೆಲ 10 ನಿಮಿಷ ಒದ್ದೆಯಾಗಿಯೇ ಇರಲಿ. ಹಾಕಿದ ಕೂಡಲೇ ಒರೆಸಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಕೊನೆಗೆ ನೀರು ಹಾಕಿ ತೊಳೆದು, ಒಣಗಿದ ಮೇಲೆ ಮರಿಯನ್ನು ಬಿಡಿ. ದ್ರಾವಣ ಆಯಾ ದಿನವೇ ಕಲಸಿಕೊಳ್ಳಿ. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಅಂಗಳದ ಮಣ್ಣಿಗೆ ಬ್ಲೀಚ್ ಸುರಿದು ಪ್ರಯೋಜನವಿಲ್ಲ.

ಇನ್ನು ಇಂಜೆಕ್ಷನ್. ತಾಯಿಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಉಳಿದಿರುವಷ್ಟು ದಿನ ಲಸಿಕೆಯನ್ನು ನಾಟಲು ಬಿಡುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಎಂಬುದು ಒಂದೊಂದು ಮರಿಗೆ ಒಂದೊಂದು ಥರ. ಹಾಗಾಗಿ 3–4 ವಾರಕ್ಕೊಂದರಂತೆ ಮರಿಗೆ 16 ವಾರ ತುಂಬುವವರೆಗೂ ಹಾಕಿಸಬೇಕು. ಕೊನೆಯ ಇಂಜೆಕ್ಷನ್ ಆಗಿ ಎರಡು ವಾರ ಕಳೆಯುವ ತನಕ ಬೀದಿಯ ನೆಲಕ್ಕೆ ಇಳಿಸಬೇಡಿ.

ಮರಿ ಮಂಕಾಗಿ ಊಟ ಬಿಟ್ಟು ವಾಂತಿ ಮಾಡಿತೋ, ಅವತ್ತೇ ಪಶುವೈದ್ಯರಲ್ಲಿಗೆ ಒಯ್ಯಿರಿ. ರಕ್ತ ಕಾಣಲಿ ಎಂದು ಕಾಯಬೇಡಿ. ಮೈಯ ನೀರು ಬತ್ತಿಹೋಗುವುದರಿಂದ, ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವುದರಿಂದ ಸಾವು ಬರುತ್ತದೆ. ಡ್ರಿಪ್ ತಡವಾದಷ್ಟೂ ಕಷ್ಟ. ಹಾಲು ಕುಡಿಸುವುದು, ಮನುಷ್ಯರ ಭೇದಿ ಮಾತ್ರೆ ಕೊಡುವುದು ಬೇಡವೇ ಬೇಡ. ಹೊರಡುವ ಮುಂಚೆ ಫೋನ್ ಮಾಡಿ ಪಾರ್ವೊ ಅನುಮಾನ ಎಂದು ತಿಳಿಸಿ. ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟುಕೊಂಡಿರಿ, ಅಲ್ಲಿನ ನೆಲದ ಮೇಲೆ ಬಿಡಬೇಡಿ.

ಪ್ರಶ್ನೆ: ಇದು ಮಕ್ಕಳಿಗೆ ಅಂಟುತ್ತದೆಯೆ? ಮನೆಯಲ್ಲಿ ಬೆಕ್ಕೂ ಇದೆ.
– ಓದುಗರು, ಶಿರಸಿ

ಉತ್ತರ: ನಾಯಿಯ ಪಾರ್ವೊ ಮನುಷ್ಯರಿಗೆ ಬರುವುದಿಲ್ಲ. ಆದರೆ ಮರಿಯ ಮಲದಲ್ಲಿ ಜಂತುಹುಳುವಿನ ಮೊಟ್ಟೆ ಇದ್ದರೆ ಅದು ಮಕ್ಕಳಿಗೂ ತೊಂದರೆ ಕೊಡಬಲ್ಲದು, ಸ್ವಚ್ಛ ಮಾಡುವ ಕೆಲಸ ದೊಡ್ಡವರೇ ಗ್ಲೌಸ್ ಹಾಕಿಕೊಂಡು ಮಾಡಲಿ. ಈಗಿನ ಪಾರ್ವೊ ತಳಿಗಳು ಬೆಕ್ಕಿಗೆ ತಗಲುವುದುಂಟು. ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ, ತಟ್ಟೆ ಬೇರೆ ಮಾಡಿ. ಪ್ಯಾನ್‌ಲ್ಯುಕೋಪೀನಿಯಾ (ಬೆಕ್ಕುಗಳಿಗೆ ಬರುವ ಪಾರ್ವೊ ಕಾಯಿಲೆ) ಲಸಿಕೆ ಬಾಕಿ ಇದ್ದರೆ ಈಗಲೇ ವೈದ್ಯರನ್ನು ಕೇಳಿ.